ಕರೆಂಟು ತೆಗೆದ ಮನೆಯಲ್ಲಿ ಬಾಣಂತನ

ದುಬೈ: ಮಂಜು ಕವಿದ ಕನ್ನಡಕ

ದುಬೈ ವಿಮಾನ ನಿಲ್ದಾಣದ ಗಾಜಿನ ಬಾಗಿಲು ತಾನಾಗಿ ಸರಿಯಿತು. ಹೊರಗೆ ಕಾಲಿಟ್ಟ ಕೂಡಲೇ ನನಗೆ ಏನೂ ಕಾಣದಾಯಿತು. ಎದುರಿಗಿದ್ದ ಜನ, ಕಾರು, ದೀಪದ ಕಂಬ ಎಲ್ಲ ಬೆಳ್ಳಗಾಗಿ ಕರಗಿಹೋದವು. ಮೂರು ದಶಕ ದಾದಿಯಾಗಿ ದುಡಿದವಳಿಗೆ ಇಂಥ ಹೊತ್ತಿನಲ್ಲಿ ಒಳ್ಳೆಯ ಯೋಚನೆ ಬರುವುದಿಲ್ಲ. ಕಣ್ಣಿನ ನರವೇ ಹೋಯಿತೆಂದುಕೊಂಡು ಕೈಗೆ ಸಿಕ್ಕ ತೋಳೊಂದನ್ನು ಗಟ್ಟಿಯಾಗಿ ಹಿಡಿದೆ. ಆ ತೋಳಿನ ಒಡೆಯ ಯಾವುದೋ ದೇಶದ ದಪ್ಪ ಮನುಷ್ಯ. ಆತ ಗಾಬರಿಯಾಗದೆ ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ಮೆಲ್ಲಗೆ ತೆಗೆದು, ತನ್ನ ಅಂಗಿಯ ತುದಿಯಿಂದ ಒರೆಸಿ, ಮರಳಿ ಏರಿಸಿ ಹೊರಟುಹೋದ. ಲೋಕ ಮತ್ತೆ ಕಂಡಿತು. ಎರಡು ಹೆಜ್ಜೆ ನಡೆಯುವುದರೊಳಗೆ ಮತ್ತೆ ಬೆಳ್ಳಗಾಯಿತು.

ಗದಗಿನಲ್ಲಿ ಹುಟ್ಟಿ ಬೆಳೆದ ನನಗೆ ಬಿಸಿಲು ಹೊಸದಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ಓಣಿಯ ಡಾಂಬರು ಚಪ್ಪಲಿಗೆ ಅಂಟುತ್ತದೆ. ಆದರೆ ನಮ್ಮದು ಒಣ ಬಿಸಿಲು, ಬೆವರನ್ನು ಹೀರಿಕೊಂಡು ಬಿಡುತ್ತದೆ. ಇಲ್ಲಿಯದು ನೀರು ಕುಡಿದ ಸೆಕೆ. ಅಂಬಲಿಯ ಗಡಿಗೆಯ ಮೇಲೆ ಮುಖವಿಟ್ಟ ಹಾಗೆ.

ನನ್ನನ್ನು ಕರೆದೊಯ್ಯಲು ಬಂದವನು ಮಹಾಂತೇಶ, ನನ್ನ ತಂಗಿಯ ಮಗಳು ದೀಪಾಳ ಗಂಡ. ದೀಪಾಳಿಗೆ ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತ್ತು. ಬಾಣಂತನಕ್ಕೆ ಬರಬೇಕಾಗಿದ್ದ ತಂಗಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಹಾಗಾಗಿ ಅಂಟಿನುಂಡೆಯ ಡಬ್ಬಿ, ಆಳವಿ ಬೀಜದ ಪೊಟ್ಟಣ, ಕೂಸಿನ ಕುಂಚಿಗೆ ಎಲ್ಲ ಹೊತ್ತು, ನಿವೃತ್ತಿಯ ನಂತರದ ಮೊದಲ ವಿದೇಶ ಪ್ರಯಾಣಕ್ಕೆ ಆಗಸ್ಟ್ ತಿಂಗಳಲ್ಲಿ ನಾನು ಹೊರಟಿದ್ದೆ. ಬುದ್ಧಿ ಇದ್ದವರು ಯಾರೂ ಆಗಸ್ಟಿನಲ್ಲಿ ಇಲ್ಲಿಗೆ ಬರುವುದಿಲ್ಲ ಎಂದು ವಿಮಾನದಲ್ಲಿ ಪಕ್ಕದವರು ಆಗಲೇ ಹೇಳಿದ್ದರು.

ಅಬುಧಾಬಿಯ ದಾರಿಯಲ್ಲಿ ಒಂದು ಕಡೆ ಕಟ್ಟಡದ ಕೆಲಸ ನಡೆದಿತ್ತು. ಕ್ರೇನು ನಿಂತಿತ್ತು, ಆಳುಗಳೆಲ್ಲ ಚಪ್ಪರದ ನೆರಳಿನಲ್ಲಿ ಮಲಗಿದ್ದರು. ಮುಷ್ಕರವೇ ಎಂದು ಕೇಳಿದೆ.

"ಅಲ್ಲರೀ ದೊಡ್ಡವ್ವಾರ, ಕಾಯದೆ," ಎಂದ ಮಹಾಂತೇಶ. "ಬ್ಯಾಸಗಿಯೊಳಗ ನಡು ಮಧ್ಯಾಹ್ನ ಬಿಸಲಾಗ ದುಡಿಸಿಕೊಳ್ಳಂಗಿಲ್ಲ. ದುಡಿಸಿದ್ರ ಕಂಪನಿಗೆ ದಂಡ."

ಬಿಸಿಲಿಗೂ ಒಂದು ಕಾಯದೆ! ನನಗೆ ಸಂತೋಷವಾಯಿತು. ನಮ್ಮೂರಿನಲ್ಲಿ ಬಿಸಿಲೆಂದರೆ ಅದೊಂದು ಹಣೆಬರಹ, ತಲೆಗೆ ಟವೆಲ್ ಸುತ್ತಿಕೊಂಡು ಅನುಭವಿಸುವಂಥದ್ದು. ಇಲ್ಲಿ ಅದನ್ನು ಎದುರಿಗೆ ಕೂರಿಸಿಕೊಂಡು ನೀನು ಇಷ್ಟು, ನಾವು ಇಷ್ಟು ಎಂದು ಗೆರೆ ಎಳೆದಿದ್ದಾರೆ. ಬಸ್ಸಿಗೆ ಕಾಯುವ ಜಾಗಕ್ಕೂ ಗಾಜಿನ ಗೋಡೆ ಕಟ್ಟಿ ತಂಪು ಮಾಡಿದ್ದರು. ಈ ನಾಡಿನಲ್ಲಿ ಸೆಕೆಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದುಕೊಂಡು ಸೀಟಿಗೆ ಒರಗಿದೆ.

ಮೊಹಮ್ಮದ್ ಬಿನ್ ಜಾಯೆದ್ ಸಿಟಿ: ಕೆಂಪು ನಲ್ಲಿ

ದೀಪಾಳ ಮನೆ ಇದ್ದದ್ದು ಅಬುಧಾಬಿ ಊರ ಹೊರಗಿನ ಈ ಬಡಾವಣೆಯಲ್ಲಿ. ಹೊರಗಿನಿಂದ ಅದೊಂದು ದೊಡ್ಡ ವಿಲ್ಲಾ. ಎತ್ತರದ ಕಾಂಪೌಂಡು, ಒಳಗೆ ಒಂದು ಖರ್ಜೂರದ ಮರ. ಶ್ರೀಮಂತರ ಮನೆಗೆ ಬಂದೆನೆಂದು ಬೀಗಿದೆ. ಒಳಗೆ ಹೋದರೆ ಅದನ್ನು ರೊಟ್ಟಿಯ ಹಾಗೆ ಮುರಿದು ಹಂಚಿದ್ದರು. ಮಹಡಿಯ ಮೇಲೆ ಕೇರಳದ ಒಂದು ಕುಟುಂಬ, ಶಾಲೆಯ ರಜೆಗೆ ಊರಿಗೆ ಹೋಗಿತ್ತು. ಕೆಳಗೆ ಎಡಕ್ಕೆ ದೀಪಾಳ ಎರಡು ಕೋಣೆ. ಬಲಕ್ಕೆ ಹಿಂದೊಮ್ಮೆ ನಡುಮನೆಯಾಗಿದ್ದ ಜಾಗಕ್ಕೆ ಪ್ಲೈವುಡ್ ಬಡಿದು ಮೂರು ಗೂಡು ಮಾಡಿ, ದುಡಿಯುವ ಹೆಣ್ಣುಮಕ್ಕಳಿಗೆ ಕೊಟ್ಟಿದ್ದರು. ಇದನ್ನೆಲ್ಲ ಮಾಡಿದವನು ಮನೆಯ ಒಡೆಯನಲ್ಲ, ಒಡೆಯರಿಂದ ಇಡೀ ವಿಲ್ಲಾ ಹಿಡಿದು ಒಳಬಾಡಿಗೆಗೆ ಬಿಟ್ಟ ಒಬ್ಬಾತ. ಎಲ್ಲರೂ ಅವನನ್ನು ಮ್ಯಾನೇಜರ್ ಎನ್ನುತ್ತಿದ್ದರು. ಅವನ ಹೆಸರು ಕೊನೆಯವರೆಗೂ ನನ್ನ ಕಿವಿಗೆ ಬೀಳಲಿಲ್ಲ.

ಮೊದಲ ದಿನವೇ ಕೈ ಸುಟ್ಟುಕೊಂಡೆ. ಬಚ್ಚಲಿನಲ್ಲಿ ನೀಲಿ ಗುರುತಿನ ನಲ್ಲಿ ತಿರುಗಿಸಿ ಕೈಯೊಡ್ಡಿದರೆ ಕುದಿ ಬಂದಂಥ ನೀರು. ನಾನು ಕೂಗಿಕೊಂಡದ್ದಕ್ಕೆ ದೀಪಾ ಮಲಗಿದಲ್ಲಿಂದಲೇ ನಕ್ಕಳು.

"ದೊಡ್ಡವ್ವ, ತಣ್ಣೀರು ಬೇಕಂದ್ರ ಕೆಂಪು ನಲ್ಲಿ ತಗೀಬೇಕ. ನೀಲಿ ನಲ್ಲಿಗಿ ಮಾಳಗಿ ಮ್ಯಾಲಿನ ಟಾಕಿ ನೀರು ಬರ್ತೈತಿ, ಅದು ಬಿಸಲಿಗೆ ಕಾದಿರ್ತೈತಿ. ಗೀಸರು ಬಂದ್ ಮಾಡೀವಿ. ಅದರೊಳಗಿನ ನೀರು ನೆಳ್ಳಾಗ ಕುಂತು ಆರಿರ್ತೈತಿ."

ನೀರು ಕಾಯಿಸುವ ಯಂತ್ರವನ್ನು ನೀರು ಆರಿಸಲು ಇಟ್ಟುಕೊಂಡ ನಾಡು! ಇದನ್ನು ಊರಿಗೆ ಹೋಗಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದುಕೊಂಡೆ. ನಿಜಕ್ಕೂ ಯಾರೂ ನಂಬಲಿಲ್ಲ.

ನನ್ನ ಮತ್ತು ದೀಪಾಳ ಜಗಳ ಎಸಿಯಿಂದಲೇ ಶುರುವಾಯಿತು. ನಮ್ಮಲ್ಲಿ ಬಾಣಂತಿಯ ಕೋಣೆ ಎಂದರೆ ಬೆಚ್ಚಗಿರಬೇಕು, ಕಿವಿಗೆ ಬಟ್ಟೆ ಕಟ್ಟಬೇಕು, ಗಾಳಿ ತಾಗಬಾರದು. ಇವಳು ಹೊಲಿಗೆಯ ಹೊಟ್ಟೆ ಹೊತ್ತು, ತಲೆಯ ಮೇಲೆ ಹಿಮಾಲಯದ ಗಾಳಿ ಬಿಟ್ಟುಕೊಂಡು ಮಲಗಿದ್ದಳು. ನಾನು ಆರಿಸುವುದು, ಅವಳು ಹಾಕುವುದು. ಈ ವ್ಯಾಜ್ಯವನ್ನು ತೀರಿಸಿದವಳು ಪಕ್ಕದ ಪ್ಲೈವುಡ್ ಗೂಡಿನ ಪ್ರೆಸಿಲ್ಲಾ.

ಪ್ರೆಸಿಲ್ಲಾ ಉಡುಪಿ ಕಡೆಯವಳು, ಕೊಂಕಣಿ ಮನೆಮಾತು. ನಲವತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ. ದೊಡ್ಡ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆಗಳ ಉಸ್ತುವಾರಿ. ದೀಪಾ ಆಸ್ಪತ್ರೆಯಿಂದ ಬಂದ ದಿನದಿಂದ ಡ್ಯೂಟಿ ಮುಗಿಸಿ ಬಂದವಳೇ ಮಗುವಿನ ಬಟ್ಟೆ ಒಗೆದು ಮಡಿಸಿಡುತ್ತಿದ್ದಳು. ಅವಳು ಮಡಿಸಿದ ಲಂಗೋಟಿ ಬ್ಯಾಂಕಿನ ನೋಟಿನ ಕಟ್ಟಿನಂತೆ ಇರುತ್ತಿತ್ತು.

"ಆಂಟಿ, ಇಲ್ಲಿ ಎಸಿ ಅಂದ್ರೆ ಶೋಕಿ ಅಲ್ಲ ಮಾರಾಯ್ರೆ, ಇಲ್ಲಿ ಅದೇ ಗಾಳಿ," ಎಂದಳು. "ನೀವು ಊರಲ್ಲಿ ಕಿಟಕಿ ತೆಗೀತೀರಲ್ಲ, ಹಾಗೇ. ಸ್ವಲ್ಪ ಕಡ್ಮೆ ಇಡುವ, ನಿಮಗೂ ಆಯ್ತು, ದೀಪಂಗೂ ಆಯ್ತು."

ರಾಜಿಯಾಯಿತು. ದಿನವಿಡೀ ಗೋಡೆಯ ಮೇಲಿನ ಆ ಪೆಟ್ಟಿಗೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಎರಡು ದಿನದಲ್ಲಿ ಅದರ ಸದ್ದು ನನಗೆ ಕೇಳಿಸುವುದೇ ನಿಂತುಹೋಯಿತು.

ಅದೇ ಮನೆ: ಸದ್ದು ನಿಂತ ಬೆಳಿಗ್ಗೆ

ಆಮೇಲೊಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳಿಗೆ ಏನೋ ಆಯಿತು ಎನಿಸಿತು. ಏನೆಂದು ತಿಳಿಯಲಿಲ್ಲ. ಮನೆಯೊಳಗೆ ಸಾವಿನ ಮನೆಯಂಥ ಮೌನ. ಆಮೇಲೆ ಹೊಳೆಯಿತು, ಎಸಿ ನಿಂತಿದೆ.

"ಕರೆಂಟು ಹೋತೇಳು, ಬರ್ತೈತಿ," ಎಂದೆ ದೀಪಾಳಿಗೆ. ಗದಗಿನ ಹೆರಿಗೆ ವಾರ್ಡಿನಲ್ಲಿ ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ! ಅಲ್ಲಿ ಕರೆಂಟು ಹೋದರೆ ನೆಂಟರೆಲ್ಲ ಸೇರಿ ಮಂಚಗಳನ್ನು ಪಡಸಾಲೆಗೆ ಎಳೆಯುತ್ತಾರೆ, ಎಕ್ಸ್‌ರೇ ಹಾಳೆಯಿಂದ ಗಾಳಿ ಹಾಕುತ್ತಾರೆ, ಹೊರಗಿನ ಬೇವಿನ ಮರ ಉಳಿದದ್ದನ್ನು ನೋಡಿಕೊಳ್ಳುತ್ತದೆ. "ಹೋಯಿತು" ಎನ್ನುತ್ತೇವೆ, ಯಾರೋ ನೆಂಟರು ಹೋದ ಹಾಗೆ. "ತೆಗೆದರು" ಎನ್ನುವಾಗಲೂ ತೆಗೆದ ಆ ಅವರು ಯಾರೆಂದು ನಾವು ಕೇಳುವುದಿಲ್ಲ.

ದೀಪಾ ನಗಲಿಲ್ಲ. ಎದ್ದು ಕುಳಿತಳು. "ಇಲ್ಲಿ ಕರೆಂಟು ಹೋಗೂದಿಲ್ಲ ದೊಡ್ಡವ್ವ. ನಾ ಬಂದು ಆರು ವರ್ಷಾತು, ಒಂದು ದಿನಾನೂ ಹೋಗಿಲ್ಲ."

ಕಿಟಕಿಗೆ ಕಿವಿಯಿಟ್ಟೆ. ಪಕ್ಕದ ವಿಲ್ಲಾದ ಎಸಿಗಳು ಗೋಡೆಯಾಚೆ ಜೋರಾಗಿ ಗರಗುಡುತ್ತಿದ್ದವು.

ಮಹಾಂತೇಶ ವಾರವಿಡೀ ಮದೀನತ್ ಜಾಯೆದ್ ಎಂಬ ದೂರದ ಮರುಭೂಮಿಯ ಊರಿನಲ್ಲಿ ಇರುತ್ತಿದ್ದ, ಅಲ್ಲಿಯ ಗ್ಯಾಸ್ ಸ್ಥಾವರದಲ್ಲಿ ಕೆಲಸ. ದೀಪಾ ಅವನಿಗೆ ಫೋನು ಮಾಡಿದಳು, ಅವನು ಮ್ಯಾನೇಜರಿಗೆ ಮಾಡಿದ, ಮರಳಿ ನಮಗೆ ಮಾಡಿದ. ವಿಷಯ ತಿಳಿಯಿತು. ಬಾಡಿಗೆಯೇನೂ ಬಾಕಿ ಇರಲಿಲ್ಲ. ಆದರೆ ಇಡೀ ವಿಲ್ಲಾವನ್ನು ಒಂದು ಕಂಪನಿಗೆ ಅದರ ನೌಕರರಿಗಾಗಿ ಕೊಡಲು ಮ್ಯಾನೇಜರ್ ಮಾತು ಕೊಟ್ಟಿದ್ದ. ಖಾಲಿ ಮಾಡಿ ಎಂದು ಹೇಳಿದ್ದ. ಬಾಣಂತನ ಮುಗಿಯುವವರೆಗೆ ಸಮಯ ಕೊಡು ಎಂದು ಮಹಾಂತೇಶ ಕೇಳಿದಾಗ ಹೂಂ ಎಂದೂ ಅಂದಿದ್ದ. ಈಗ ಕಂಪನಿಯವರು ಅವಸರ ಮಾಡಿದ್ದರಿಂದ ಕಾಂಪೌಂಡಿನ ಮೂಲೆಯ ಮೀಟರ್ ಕೋಣೆಗೆ ಹೋಗಿ ಮೇನ್ ಸ್ವಿಚ್ಚು ಇಳಿಸಿ, ಬೀಗ ಜಡಿದು ಹೋಗಿದ್ದ. ನೀವು ಹೊರಟ ದಿನ ಕರೆಂಟು ಬರುತ್ತದೆ ಎಂದನಂತೆ.

ಮಾತು ಮುಗಿಯುವುದರೊಳಗೆ ನನ್ನ ಬೆನ್ನು ತೊಯ್ದಿತ್ತು. ಮಗು ಒಂದು ಸಲ ಅತ್ತು ಸುಮ್ಮನಾಯಿತು. ಅಳುವ ಕೂಸಿಗೆ ನಾನು ಹೆದರುವುದಿಲ್ಲ, ಸೆಕೆಯಲ್ಲಿ ಸುಮ್ಮನಾಗುವ ಕೂಸಿಗೆ ಹೆದರುತ್ತೇನೆ. ಕುಂಚಿಗೆ ಬಿಚ್ಚಿ, ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೈ ಒರೆಸಿದೆ. ಕಿಟಕಿ ತೆರೆದರೆ ಒಲೆಯ ಬಾಯಿ ತೆರೆದ ಹಾಗಾಯಿತು. ಊರಿನಲ್ಲಿ ಮನೆಯೊಳಗೆ ಸೆಕೆಯಾದರೆ ಹೊರಗೆ ಕಟ್ಟೆಗೆ ಹೋಗುತ್ತೇವೆ. ಇಲ್ಲಿ ಹೊರಗೆ ಎನ್ನುವುದೇ ಇರಲಿಲ್ಲ.

ಪ್ರೆಸಿಲ್ಲಾಳಿಗೆ ಅಂದು ರಜೆ, ಉಳಿದ ಗೂಡಿನವರು ಕೆಲಸಕ್ಕೆ ಹೋಗಿದ್ದರು. ಕೂದಲು ಒದ್ದೆ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಪೊಲೀಸಿಗೆ ಹೋಗುವ," ಎಂದಳು. "ಬಾಡಿಗೆ ಇರುವವರ ನೀರು ಕರೆಂಟು ಯಾರೂ ಕಟ್ ಮಾಡುವ ಹಾಗಿಲ್ಲ ಇಲ್ಲಿ. ರೂಲ್ ಉಂಟು. ಓನರಿಗೂ ಇಲ್ಲ, ಮ್ಯಾನೇಜರನಿಗೂ ಇಲ್ಲ."

ಫೋನಿನ ಆ ಕಡೆಯಿಂದ ಮಹಾಂತೇಶ ಕೂಗಿದ. "ಪೊಲೀಸ್ ಬ್ಯಾಡ್ರಿ! ನಮ್ಮ ಹೆಸರಲೆ ರಿಜಿಸ್ಟರ್ ಆದ ಕಾಂಟ್ರಾಕ್ಟೇ ಇಲ್ಲ. ಬಂದು ನೋಡಿದ್ರಂದ್ರ ಇಡೀ ಮನೀನ ಖಲಾಸ್. ದೀಪಾ, ನೀವು ಟ್ಯಾಕ್ಸಿ ಮಾಡಿ ಒಂದು ಹೋಟೆಲ್ಲಿಗಿ ಹೋಗ್ರಿ. ಇಲ್ಲೆ ಪ್ಲಾಂಟ್ ಬಂದ್ ಮಾಡಿ ರಿಪೇರಿ ನಡದೈತಿ, ನಾಳೆ ಸಂಜಿತನಕ ನನ್ನ ಬಿಡೂದಿಲ್ಲ."

"ಹೋಟೆಲಿಗೆ ಹೋದ್ರೆ ಬಾಗಿಲಿಗೆ ಬೀಗ ಹಾಕ್ತಾನೆ," ಎಂದಳು ಪ್ರೆಸಿಲ್ಲಾ. "ಮನೆ ಖಾಲಿ ಸಿಕ್ಕಿದ್ರೆ ಸಾಕು ಅವನಿಗೆ. ನಿಮ್ಮ ಸಾಮಾನೆಲ್ಲ ಒಳಗೆ, ನೀವು ಹೊರಗೆ. ಮತ್ತೆ ಎಂತ ಮಾಡುದು?"

ದೀಪಾ ಇಬ್ಬರ ಮಾತನ್ನೂ ಕೇಳಿದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. "ಈ ಮನಿ ಮಾಲಕರು ಯಾರು ಅಂತ ನಮಗ ಗೊತ್ತೇನು?" ಎಂದು ಕೇಳಿದಳು.

ಪ್ರೆಸಿಲ್ಲಾಳಿಗೆ ಗೊತ್ತಿತ್ತು. ಒಡತಿ ಒಬ್ಬ ಹಿರಿಯ ಹೆಂಗಸು, ಈ ನಾಡಿನವರೇ, ಖಲೀಫಾ ಸಿಟಿಯಲ್ಲಿ ಮನೆ. ಅವರ ಅಡುಗೆಯಾಕೆ ಪ್ರೆಸಿಲ್ಲಾ ಹೋಗುವ ಇಗರ್ಜಿಗೇ ಬರುತ್ತಿದ್ದಳು.

"ನೀವು ಮೂವರು ಹೋಗಿ. ಮಗುವನ್ನು ತಗೊಂಡೇ ಹೋಗಿ," ಎಂದಳು ಪ್ರೆಸಿಲ್ಲಾ. "ನಾನು ಇಲ್ಲೇ ಕೂತ್ಕೊಳ್ತೇನೆ, ಬೀಗ ಹಾಕದ ಹಾಗೆ ನೋಡ್ಕೊಳ್ತೇನೆ. ಮಗುವಿಗೋಸ್ಕರ ಅಂತ ಹೇಳಿ ಆಂಟಿ. ಮಗು ಅಂದ್ರೆ ಯಾರೂ ಇಲ್ಲ ಅನ್ಲಿಕ್ಕಿಲ್ಲ."

ಖಲೀಫಾ ಸಿಟಿ: ಅಲುಗಿಸಬೇಕಾದ ಬಟ್ಟಲು

ಟ್ಯಾಕ್ಸಿಯ ತಂಪಿನಲ್ಲಿ ಮಗು ಮತ್ತೆ ಅತ್ತಿತು. ಆ ಅಳು ಕೇಳಿ ನಾವಿಬ್ಬರೂ ನಕ್ಕೆವು.

ಪ್ರೆಸಿಲ್ಲಾ ಫೋನು ಮಾಡಿದ್ದರಿಂದ ಒಡತಿಯ ಮನೆಯ ಗೇಟಿನಲ್ಲಿ ಅಡುಗೆಯಾಕೆ ಕಾಯುತ್ತಿದ್ದಳು. ಒಳಗೆ ಹೆಂಗಸರ ಕೋಣೆಯಲ್ಲಿ ನೆಲಕ್ಕೆ ತಾಗಿದಂತೆ ಉದ್ದನೆಯ ಮೆತ್ತೆಗಳು. ಕಪ್ಪು ಸೆರಗು ಹೊದ್ದ ಮುದುಕಿ ಕುಳಿತಿದ್ದರು, ಬೆರಳ ತುದಿಗಳಿಗೆ ಮದರಂಗಿಯ ಕೆಂಪು. ಪಕ್ಕದಲ್ಲಿ ಕಾಲೇಜು ಓದುವ ಮೊಮ್ಮಗಳು, ಅವಳಿಗೆ ಇಂಗ್ಲಿಷ್ ಬರುತ್ತಿತ್ತು.

ನಾನು ಕರೆಂಟಿನ ಮಾತು ತೆಗೆಯಲು ಬಾಯಿ ತೆರೆದೆ. ಮುದುಕಿ ಕೈಯೆತ್ತಿ ತಡೆದರು. ಮೊದಲು ಖರ್ಜೂರ. ಆಗ ತಾನೇ ಮರದಿಂದ ಇಳಿಸಿದ ಹಣ್ಣು, ಅರ್ಧ ಹಳದಿ ಅರ್ಧ ಕಂದು. ಆಮೇಲೆ ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿಯ ಕಹಿ ಕಾಫಿ. ಬೇಗ ಮುಗಿಸಿದರೆ ಬೇಗ ಮಾತಾಡಬಹುದೆಂದು ಒಂದೇ ಗುಟುಕಿಗೆ ಕುಡಿದೆ. ಅಡುಗೆಯಾಕೆ ಮತ್ತೆ ತುಂಬಿದಳು. ಅದನ್ನೂ ಕುಡಿದೆ. ಮತ್ತೆ ತುಂಬಿದಳು. ಮನೆಯಲ್ಲಿ ಪ್ರೆಸಿಲ್ಲಾ, ಇಲ್ಲಿ ಮುಗಿಯದ ಕಾಫಿ. ನನ್ನ ಅವಸ್ಥೆ ನೋಡಿ ಮೊಮ್ಮಗಳು ನಗು ತಡೆಯುತ್ತ, ಸಾಕೆನಿಸಿದರೆ ಬಟ್ಟಲನ್ನು ಹೀಗೆ ಅಲುಗಿಸಬೇಕು ಎಂದು ಕೈಯಲ್ಲಿ ತೋರಿಸಿದಳು. ಅಲುಗಿಸಿದೆ. ಕಾಫಿ ನಿಂತಿತು. ಮುದುಕಿ ಈಗ ಹೇಳು ಎನ್ನುವಂತೆ ನನ್ನನ್ನು ನೋಡಿದರು.

ನಾನು ಆಸ್ಪತ್ರೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಹೇಳಿದೆ. ಮೊಮ್ಮಗಳು ಅರಬ್ಬಿಗೆ ತಿರುಗಿಸಿದಳು. ಮೇನ್ ಇಳಿಸಿ ಬೀಗ ಹಾಕಿದ್ದಾನೆ ಎಂದಲ್ಲಿಗೆ ಮೊಮ್ಮಗಳೇ ತಡೆದು, "ಅವನು ಹಾಗೆ ಮಾಡುವ ಹಾಗಿಲ್ಲ. ಅದು ಕಾನೂನಿಗೆ ವಿರುದ್ಧ. ನೀವೇಕೆ ದೂರು ಕೊಡಲಿಲ್ಲ?" ಎಂದು ಕೇಳಿದಳು. ದೀಪಾ ತಲೆ ತಗ್ಗಿಸಿ, "ನಮ್ಮ ಹೆಸರಿನಲ್ಲಿ ಕಾಗದ ಇಲ್ಲ," ಎಂದಳು.

ಅದು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿದ ಮಾತು. ನೆರಳು ಎಲ್ಲರಿಗೂ ಇರುತ್ತದೆ ಎಂದು ಬಂದ ದಿನ ಅಬುಧಾಬಿಯ ದಾರಿಯಲ್ಲಿ, ಮಲಗಿದ್ದ ಆಳುಗಳನ್ನು ನೋಡಿ ಅಂದುಕೊಂಡಿದ್ದೆ. ಆ ಚಪ್ಪರದ ಕೆಳಗೆ ಹೋಗಲೂ ಕೈಯಲ್ಲಿ ಒಂದು ಚೀಟಿ ಬೇಕು. ನಮ್ಮೂರಿನಲ್ಲಿಯೂ ಹಾಗೆಯೇ ಅಲ್ಲವೇ? ಮೀಟರು ಯಾರ ಹೆಸರಿನಲ್ಲಿದೆಯೋ ಅವನ ಮಾತನ್ನು ಮಾತ್ರ ಕಚೇರಿಯ ಕಿಟಕಿ ಕೇಳುತ್ತದೆ. ಆ ಮನೆಯೊಳಗೆ ಬೇಯುವವರ ಹೆಸರು ಅಲ್ಲಿ ಇರುವುದಿಲ್ಲ.

ಮುದುಕಿ ಕಾಗದದ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮಗುವನ್ನು ಕೊಡು ಎಂದು ಕೈ ಚಾಚಿದರು. ತೊಡೆಯ ಮೇಲೆ ಮಲಗಿಸಿಕೊಂಡು, "ನಲವತ್ತು ಆಯಿತೇ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಹೆತ್ತವಳು ನಲವತ್ತು ದಿನ ಮನೆ ಬಿಟ್ಟು ಹೊರಡುವುದಿಲ್ಲ, ಅದು ನಮ್ಮ ಪದ್ಧತಿ ಎಂದು ಮೊಮ್ಮಗಳು ವಿವರಿಸಿದಳು. ನಮ್ಮದೂ ಅದೇ ಎಂದೆ. ಮುದುಕಿಯ ಮುಖದಲ್ಲಿ ಮೊದಲ ಬಾರಿಗೆ ಸಿಟ್ಟು ಕಂಡಿತು. ನನ್ನ ಮನೆಯಿಂದ ಒಬ್ಬ ಬಾಣಂತಿ ನಲವತ್ತಕ್ಕೆ ಮುಂಚೆ ಹೊರಗೆ ಬಿದ್ದಳೇ ಎಂದು ತಮಗೆ ತಾವೇ ಹೇಳಿಕೊಂಡರಂತೆ.

ಆಮೇಲೆ ಅವರು ತಮ್ಮ ಕಾಲದ ಮಾತು ಹೇಳಿದರು. ಕರೆಂಟು ಎಂಬುದೇ ಇಲ್ಲದ ದಿನಗಳು. ಖರ್ಜೂರದ ಗರಿ ಹೆಣೆದ ಮನೆ, ಅದರ ಸಂದಿಯಿಂದ ಬರುವ ಗಾಳಿ, ಹೊದೆಯುವ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಮಲಗುವುದು. ಬೇಸಿಗೆ ಬಂದರೆ ಕರಾವಳಿಯ ಜನವೆಲ್ಲ ಒಂಟೆ ಹೊಡೆದುಕೊಂಡು ಮರುಭೂಮಿಯ ನಡುವಿನ ಲಿವಾದ ಖರ್ಜೂರದ ತೋಪುಗಳಿಗೆ ಹೋಗುತ್ತಿದ್ದರು. "ಹೋಗುವಾಗ ಯಾರನ್ನೂ ಹಿಂದೆ ಬಿಟ್ಟು ಹೋಗುತ್ತಿರಲಿಲ್ಲ," ಎಂದರು. "ಹೆತ್ತವಳಿಗೆ, ಮುದುಕರಿಗೆ ಮೊದಲ ಒಂಟೆ."

ಎದ್ದರು. ಮೊಮ್ಮಗಳಿಗೆ ಕಾರು ತೆಗೆಯಲು ಹೇಳಿದರು. ಸುಹೈಲ್ ಬರುವವರೆಗೆ ಯಾರೂ ಆ ಮನೆ ಬಿಡಬೇಕಾಗಿಲ್ಲ ಎಂದರು. ಸುಹೈಲ್ ಎಂದರೆ ಮಗನೋ ವಕೀಲನೋ ಎಂದುಕೊಂಡೆ. ಅದೊಂದು ನಕ್ಷತ್ರ, ಅದು ಮೂಡಿದರೆ ಬೇಸಿಗೆಯ ಬೆನ್ನು ಮುರಿದ ಹಾಗೆ ಎಂದು ಮೊಮ್ಮಗಳು ದಾರಿಯಲ್ಲಿ ಹೇಳಿದಳು. ನಮ್ಮ ಪಂಚಾಂಗದ ಅಗಸ್ತ್ಯ ನಕ್ಷತ್ರವೇ ಅದೆಂದು ಊರಿಗೆ ಬಂದ ಮೇಲೆ ಯಾರೋ ತಿಳಿಸಿದರು.

ಮರಳಿ ಮನೆಗೆ: ಪ್ಲೈವುಡ್ ಗೋಡೆ

ನಾವು ಬಂದಾಗ ಪ್ರೆಸಿಲ್ಲಾ ಬಾಗಿಲ ಮೆಟ್ಟಿಲ ಮೇಲೆ, ಒದ್ದೆ ಟವೆಲನ್ನು ತಲೆಗೆ ಹಾಕಿಕೊಂಡು, ಬಕೆಟಿನಲ್ಲಿ ಕಾಲಿಟ್ಟು ಕುಳಿತಿದ್ದಳು. ಮ್ಯಾನೇಜರ್ ಒಮ್ಮೆ ಬಂದಿದ್ದ, ಇವಳನ್ನು ನೋಡಿ ಹೋಗಿದ್ದ. ಒಡತಿಯ ಫೋನು ಹೋದ ಮೇಲೆ ಈಗ ಮತ್ತೆ ಓಡಿ ಬಂದ. ಮೀಟರ್ ಕೋಣೆಯ ಬೀಗ ತೆಗೆದ. ಸಣ್ಣ ವಯಸ್ಸಿನವನೇ.

ನನ್ನ ಹತ್ತಿರ ಬಂದು ಹಿಂದಿಯಲ್ಲಿ, "ಅಮ್ಮಾ, ನಾನು ಕೆಟ್ಟವನಲ್ಲ. ನನ್ನ ಮನೆಯಲ್ಲೂ ಸಣ್ಣ ಮಗು ಇದೆ," ಎಂದ.

"ಅಲ್ಲಿ ಎಸಿ ನಡೀತಾ ಇದೆಯಲ್ಲಪ್ಪ," ಎಂದೆ. ಅವನು ಹೋಗಿ ಮೇನ್ ಏರಿಸಿದ.

ಗೋಡೆಯ ಪೆಟ್ಟಿಗೆ ಗುಂಯ್ ಎಂದಿತು. ದೀಪಾ ಮಗುವನ್ನು ಎದೆಗವಚಿಕೊಂಡು ಅದರ ಕೆಳಗೆ ನಿಂತು ಕಣ್ಣು ಮುಚ್ಚಿದಳು. ನಾನು ಅವಳ ಕಿವಿಗೆ ಬಟ್ಟೆ ಕಟ್ಟುವ ಮಾತೇ ಎತ್ತಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮುದುಕಿ ನೀರು ಕುಡಿಯಲೆಂದು ಒಳಗೆ ಬಂದವರು, ಹಿಂದೆ ತಾವೇ ಸಂಸಾರ ಮಾಡಿದ ಆ ನಡುಮನೆಯನ್ನು ನೋಡಬೇಕೆಂದರು. ಬಾಗಿಲು ತೆರೆದರೆ ಪ್ಲೈವುಡ್ ಗೂಡುಗಳು. ಒಂದೊಂದರಲ್ಲಿ ಒಂದು ಮಂಚ, ತಲೆಯ ಮೇಲೆ ಒಂದು ಬಲ್ಬು. ಇಲ್ಲಿ ಒಂದೇ ಒಂದು ಕುಟುಂಬವಿದೆ ಎಂದು ಮ್ಯಾನೇಜರ್ ಅವರಿಗೆ ಹೇಳಿದ್ದನಂತೆ. ಮುದುಕಿ ಗೋಡೆಗೆ ಕೈಯಿಟ್ಟರು, ಅದು ಅಲುಗಾಡಿತು. ಬೆಂಕಿ ಬಿದ್ದರೆ ಈ ಹುಡುಗಿಯರ ಗತಿಯೇನು ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಹೀಗೆ ಮನೆ ಸೀಳುವುದು ಕಾನೂನಿಗೂ ವಿರುದ್ಧ ಎಂದು ಮೊಮ್ಮಗಳು ಹೇಳಿದಳು. ಅದೂ ಸರಿಯೇ. ಎರಡು ಸರಿಯಾದ ಮಾತುಗಳ ನಡುವೆ ಪ್ರೆಸಿಲ್ಲಾ ಒದ್ದೆ ಟವೆಲು ಹಿಡಿದು ನಿಂತಿದ್ದಳು. ವಾರದೊಳಗೆ ಈ ಹಲಗೆಗಳನ್ನೆಲ್ಲ ಕಿತ್ತು ಹಾಕಬೇಕೆಂದು ಒಡತಿ ಮ್ಯಾನೇಜರಿಗೆ ಹೇಳಿ, ಮಗುವಿನ ತಲೆಯ ಮೇಲೆ ಕೈಯಿಟ್ಟು ಹರಸಿ ಹೊರಟರು.

ದೀಪಾಳಿಗೆ ಸುಹೈಲ್ ಮೂಡುವವರೆಗೆ ಮನೆ ಉಳಿಯಿತು. ಮೆಟ್ಟಿಲ ಮೇಲೆ ಕುಳಿತು ಅದನ್ನು ಉಳಿಸಿಕೊಟ್ಟವಳಿಗೆ ಉಳಿಯಲಿಲ್ಲ.

ಮರುದಿನ ಸಂಜೆ ಬಂದ ಮಹಾಂತೇಶ ಮಗುವನ್ನು ಬಹಳ ಹೊತ್ತು ಎತ್ತಿಕೊಂಡು ಕುಳಿತ. ಇನ್ನು ಮುಂದೆ ತನ್ನ ಹೆಸರಿನಲ್ಲಿ ಕಾಗದವಿಲ್ಲದ ಮನೆಯಲ್ಲಿ ಒಂದು ದಿನವೂ ಇರುವುದಿಲ್ಲ ಎಂದು ದೀಪಾ ಹೇಳಿದಳು. ಅವನು ತಲೆಯಾಡಿಸಿದ. ನನ್ನೆದುರಿಗೆ ಅವರು ಅಷ್ಟು ಮಾತ್ರ ಮಾತಾಡಿದರು.

ಪ್ರೆಸಿಲ್ಲಾಳಿಗೆ ನಮ್ಮ ಒಂದು ಕೋಣೆ ಬಿಟ್ಟುಕೊಡುತ್ತೇವೆ ಎಂದು ದೀಪಾ ಕೇಳಿಕೊಂಡಳು. "ಇಲ್ಲ ಮಾರಾಯ್ತಿ, ನಿನಗೆ ಬಾಣಂತನ, ಆಂಟಿ ಇದ್ದಾರೆ. ನಾನು ಹೇಗಾದ್ರೂ ಮಾಡ್ತೇನೆ," ಎಂದಳು. ಅವಳ ಹೋಟೆಲಿನ ದುಬೈ ಶಾಖೆಯಲ್ಲಿ ಒಂದು ಜಾಗ ಖಾಲಿ ಇತ್ತು, ನೌಕರರಿಗೆ ವಸತಿ ಅಲ್ಲೇ. ಹೊರಡುವ ದಿನ ಮಗುವಿನ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿ, ಮಡಿಸಿ, ಸಾಲಾಗಿ ಇಟ್ಟು ಹೋದಳು. ಉಳಿದ ಗೂಡಿನವರೂ ಆಗಲೇ ಹೋಗಿದ್ದರು. ಮರುದಿನ ಇಬ್ಬರು ಆಳುಗಳು ಬಂದು ಹಲಗೆಗಳನ್ನು ಕಿತ್ತರು. ನಡುಮನೆ ಮತ್ತೆ ದೊಡ್ಡದಾಯಿತು. ನಾವು ಮಾತಾಡಿದರೆ ಅಲ್ಲಿ ಪ್ರತಿಧ್ವನಿ ಬರುತ್ತಿತ್ತು.

ದುಬೈ: ಹೊರಡುವ ದಿನ

ಬಾಣಂತನ ಮುಗಿಸಿ ಹೊರಟಾಗ ಅಕ್ಟೋಬರ್ ಬಂದಿತ್ತು. ದೀಪಾ ಸಣ್ಣ ಫ್ಲಾಟೊಂದಕ್ಕೆ ಹೋಗಿದ್ದಳು, ಅವಳ ಹೆಸರಿನದೇ ಕಾಗದ. ಸಂಜೆ ಜನ ಮಕ್ಕಳನ್ನು ಕರೆದುಕೊಂಡು ಹೊರಗೆ ಓಡಾಡುವುದನ್ನು ಮೊದಲ ಸಲ ಕಂಡೆ. ಇಷ್ಟು ಜನ ಈ ಊರಿನಲ್ಲಿ ಎಲ್ಲಿ ಅಡಗಿದ್ದರೋ!

ವಿಮಾನ ರಾತ್ರಿಯದು. ಮಧ್ಯಾಹ್ನವೇ ದುಬೈಗೆ ಬಂದು, ಮಹಾಂತೇಶನನ್ನು ಕೆಳಗೆ ಕಾರಿನಲ್ಲಿ ಬಿಟ್ಟು, ಪ್ರೆಸಿಲ್ಲಾಳ ಕೋಣೆಗೆ ಹೋದೆ. ಗಂಡಸರಿಗೆ ಮೇಲೆ ಪ್ರವೇಶವಿರಲಿಲ್ಲ. ನಾಲ್ಕು ಮಂಚದ ಕೋಣೆ, ಉಳಿದವರು ಡ್ಯೂಟಿಗೆ ಹೋಗಿದ್ದರು. ಒಳಗೆ ಚಳಿ. ಪ್ರೆಸಿಲ್ಲಾ ಸ್ವೆಟರ್ ಹಾಕಿಕೊಂಡಿದ್ದಳು.

"ಕಂಪನಿಯ ಎಸಿ ಆಂಟಿ. ಕಡ್ಮೆ ಮಾಡ್ಲಿಕ್ಕೆ ಸ್ವಿಚ್ಚೇ ಇಲ್ಲ," ಎಂದು ನಗುತ್ತ ಚಹಾ ಮಾಡಿಕೊಟ್ಟಳು. ದೀಪಾ ಕಳಿಸಿದ ಮಗುವಿನ ಫೋಟೋ ನೋಡಿ, ಕೆನ್ನೆ ಬಂದಿದೆ ಎಂದಳು.

ನಾನು ಬಂದದ್ದು ಒಂದು ಮಾತು ಹೇಳಲೆಂದು. "ನಮ್ಮ ಕೂಸಿಗಾಗಿ ನೀ ನಿನ್ನ ಜಾಗಾ ಕಳಕೊಂಡಿ. ಇದನ್ನ ನಾವು ಮರಿಯೂದಿಲ್ಲವಾ," ಎಂದೆ.

ಅವಳು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬರೀ ಮಗುಗೋಸ್ಕರ ಅಲ್ಲ ಆಂಟಿ ನಾನು ಕೂತದ್ದು," ಎಂದಳು. "ನನಗೂ ಸೆಕೆ ಆಗ್ತಿತ್ತಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಯಾವುದೋ ಲೆಕ್ಕ ಸರಿಪಡಿಸುವವಳ ಹಾಗೆ ಹೇಳಿದಳು. ಆ ದಿನ ನಾವು ಹೋದ ಮೇಲೆ ಅವಳ ಗೂಡಿನ ನೆಲ ಸುಡುತ್ತಿತ್ತಂತೆ. ಗೀಸರಿನ ತಣ್ಣೀರು ಮುಗಿದು, ನಲ್ಲಿಯ ನೀರಿನಲ್ಲಿ ಟವೆಲ್ ಅದ್ದಿದರೆ ಅದೂ ಬಿಸಿ. ಅಡುಗೆಮನೆಯ ಟೈಲ್ಸಿನ ಮೇಲೆ ಮಲಗಿ ನೋಡಿದಳಂತೆ. ತಲೆ ತಿರುಗಿತು, ಒಂದು ಸಲ ವಾಂತಿಯಾಯಿತು, ಆಮೇಲೆ ಬೆವರು ಬರುವುದೇ ನಿಂತಂತಾಯಿತು. ಹೆದರಿಕೆಯಾಗಿ ಮೆಟ್ಟಿಲಿಗೆ ಬಂದು ಕೂತಳಂತೆ, ಬಿದ್ದರೆ ದಾರಿಯಲ್ಲಿ ಹೋಗುವವರು ಯಾರಾದರೂ ನೋಡಲಿ ಎಂದು.

ಬೆವರು ನಿಲ್ಲುವುದು ಎಂದರೆ ಏನೆಂದು ನನಗೆ ಗೊತ್ತು. ಅಂಥವರನ್ನು ಎತ್ತಿಕೊಂಡು ಬಂದಾಗ ವಾರ್ಡಿನಲ್ಲಿ ನಾವು ಹೇಗೆ ಓಡುತ್ತಿದ್ದೆವು ಎಂಬುದೂ ಗೊತ್ತು. ಆ ದಿನ ಟ್ಯಾಕ್ಸಿಯಲ್ಲಿ, ಒಡತಿಯ ಮನೆಯಲ್ಲಿ, ಮರಳಿ ಬಂದ ಮೇಲೆ, ಗಳಿಗೆಗೊಮ್ಮೆ ಮಗುವಿನ ಮೈ ಮುಟ್ಟಿ ನೋಡಿದ್ದೆ. ಮುದುಕಿ ಮುಟ್ಟಿದ್ದರು, ಮೊಮ್ಮಗಳು ಮುಟ್ಟಿದ್ದಳು. ಮೆಟ್ಟಿಲ ಮೇಲೆ ಕುಳಿತವಳನ್ನು ದಾಟಿಕೊಂಡು ನಾವೆಲ್ಲ ಒಳಗೆ ಹೋಗಿದ್ದೆವು.

ಕಪ್ಪನ್ನು ಕೆಳಗಿಟ್ಟು ಅವಳ ಮಂಚದ ಮೇಲೆ ಹತ್ತಿರ ಸರಿದು ಕುಳಿತೆ. ಕೈ ಚಾಚಿ ಅವಳ ಹಣೆಯ ಮೇಲೆ ಅಂಗೈ ಇಟ್ಟೆ. ಆಮೇಲೆ ಕೆನ್ನೆ, ಆಮೇಲೆ ಕುತ್ತಿಗೆಯ ಪಕ್ಕ, ನಾಡಿ ಸಿಗುವಲ್ಲಿ.

"ಈಗ ಎಂತ ನೋಡುದು ಆಂಟಿ?" ಎಂದು ಅವಳು ನಕ್ಕಳು. ಆದರೆ ಮುಖ ಹಿಂದಕ್ಕೆ ಸರಿಸಲಿಲ್ಲ.

ಅವಳ ಮೈ ತಣ್ಣಗಿತ್ತು. ಕೆಳಗಿನಿಂದ ಮಹಾಂತೇಶನ ಫೋನು ಬರುವವರೆಗೂ ನಾನು ಕೈ ತೆಗೆಯಲಿಲ್ಲ.